ಬೆಕ್ಕು ಮರಿ ಹಾಕುವಾಗ: ಸುಮ್ಮನೆ ಕೂರುವುದು ಯಾವಾಗ, ಕೈಹಾಕುವುದು ಯಾವಾಗ?

ಸಂಜೆಯಿಂದ ಬೆಕ್ಕು ಕಣ್ಣಿಗೆ ಬಿದ್ದಿಲ್ಲ. ರಾತ್ರಿ ಹತ್ತಕ್ಕೆ ಬೀರು ತೆಗೆದರೆ, ಇಸ್ತ್ರಿ ಮಾಡಿಟ್ಟ ಸೀರೆಗಳ ಮೇಲೆ ಮಲಗಿ ಏದುಸಿರು ಬಿಡುತ್ತಿದೆ. ಹೊಟ್ಟೆ ದಪ್ಪಗಾಗಿದ್ದನ್ನು ಎಲ್ಲರೂ ನೋಡಿದ್ದರು. ಚೆನ್ನಾಗಿ ತಿಂದು ಮೈ ಬಂದಿದೆ ಅಂದುಕೊಂಡಿದ್ದರು, ಅಷ್ಟೇ. ಈಗ ಮನೆಮಂದಿಯೆಲ್ಲ ಬೀರುವಿನ ಮುಂದೆ. ಒಬ್ಬರು ಬಿಸಿನೀರು ಕಾಯಿಸಿ ಅನ್ನುತ್ತಾರೆ, ಇನ್ನೊಬ್ಬರು ಹಾಲು ಕೊಡಿ ಅನ್ನುತ್ತಾರೆ, ಮಕ್ಕಳು ಮೊಬೈಲ್ ಟಾರ್ಚ್ ಹಾಕಿ ವಿಡಿಯೋ ಮಾಡುತ್ತಿದ್ದಾರೆ.

ಬೆಕ್ಕು ಸಾಕಿ ಅಭ್ಯಾಸ ಇರುವವರಿಗೆ ಫೋನ್ ಬರುವುದು ಇಂಥ ಹೊತ್ತಿನಲ್ಲೇ. ನನಗೂ ಬರುತ್ತದೆ. ನಾನು ಮೊದಲು ಹೇಳುವುದು ಎರಡೇ ಮಾತು. ಟಾರ್ಚ್ ಆರಿಸಿ. ಗಡಿಯಾರ ನೋಡಿ ಟೈಮ್ ಬರೆದಿಡಿ.

ಬೆಕ್ಕಿಗೆ ಯಾರೂ ಹೆರಿಗೆ ಮಾಡಿಸಬೇಕಿಲ್ಲ. ಹೆಚ್ಚಿನ ಸಲ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ. ಆದರೆ ಸುಮ್ಮನೆ ಕೂತರೆ ತಾಯಿಯೋ ಮರಿಯೋ ಕೈತಪ್ಪಿ ಹೋಗುವ ಕೆಲವು ಸಂದರ್ಭಗಳೂ ಇವೆ. ಇವೆರಡನ್ನು ಬೇರೆ ಮಾಡಿ ನೋಡುವುದು ಹೊಸಬರಿಗೆ ಕಷ್ಟ. ಅಲ್ಲಿ ಸಹಾಯಕ್ಕೆ ಬರುವುದು ಗಡಿಯಾರ. ಹೇಗೆ ಅನ್ನುವುದನ್ನು ಮೊದಲಿಂದ ನೋಡೋಣ.

ಒಂಬತ್ತು ವಾರದ ಲೆಕ್ಕ

ಮನುಷ್ಯರಿಗೆ ಒಂಬತ್ತು ತಿಂಗಳಾದರೆ ಬೆಕ್ಕಿಗೆ ಒಂಬತ್ತು ವಾರ. ಸಾಮಾನ್ಯವಾಗಿ 63ರಿಂದ 65 ದಿನ. ಕೆಲವು ದಿನ ಹಿಂದೆ ಮುಂದೆ ಆಗಬಹುದು. ತುಂಬಾ ಮುಂಚೆ, ಅಂದರೆ 58 ದಿನಕ್ಕೂ ಮೊದಲು ಹುಟ್ಟಿದ ಮರಿಗಳು ಉಳಿಯುವುದು ಕಷ್ಟ. 70 ದಾಟಿದರೂ ಮರಿ ಹಾಕದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಬೆಕ್ಕಿನ ಗಬ್ಬದಲ್ಲಿ ಒಂದು ವಿಶೇಷ ಇದೆ. ಹಸು, ನಾಯಿ, ಮನುಷ್ಯರಲ್ಲಿ ಅಂಡ ತನ್ನ ಪಾಡಿಗೆ ತಾನು ಬಿಡುಗಡೆ ಆಗುತ್ತದೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಗಂಡಿನ ಜೊತೆ ಕೂಡಿದ ಮೇಲೆ, ಒಂದೆರಡು ದಿನದೊಳಗೆ ಬಿಡುಗಡೆ ಆಗುತ್ತದೆ. ಸ್ವಿಚ್ ಒತ್ತಿದರೆ ದೀಪ ಹತ್ತುವ ಹಾಗೆ. ಬೆದೆಯಲ್ಲಿರುವ ಬೆಕ್ಕು ಬೀದಿಯ ಎರಡು ಮೂರು ಗಡವಗಳ ಜೊತೆ ಕೂಡಬಹುದು. ಹಾಗಾಗಿ ಒಂದೇ ಸೂಲಿನಲ್ಲಿ ಹುಟ್ಟಿದ ಮರಿಗಳಿಗೆ ಅಪ್ಪಂದಿರು ಬೇರೆ ಬೇರೆ ಇರುವುದು ಸಾಧ್ಯ. ಒಂದು ಕರಿ, ಒಂದು ಕೆಂಚ, ಒಂದು ಪಟ್ಟೆಪಟ್ಟೆ ಹುಟ್ಟಿದರೆ ಅದೂ ಒಂದು ಕಾರಣ ಇರಬಹುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಐದಾರು ತಿಂಗಳ ಮರಿಯೇ ಬೆದೆಗೆ ಬರುತ್ತದೆ, ಕೆಲವು ನಾಲ್ಕು ತಿಂಗಳಿಗೇ. ಹಗಲು ಉದ್ದ ಇರುವ ಕಾಲ ಬೆಕ್ಕಿನ ಬೆದೆಯ ಕಾಲ. ಯುರೋಪಿನಂಥ ಕಡೆ ಚಳಿಗಾಲದಲ್ಲಿ ಹಗಲು ಮೊಟಕಾಗುವುದರಿಂದ ಬೆದೆ ನಿಲ್ಲುತ್ತದೆ. ನಮ್ಮಲ್ಲಿ ಹಾಗಲ್ಲ. ಡಿಸೆಂಬರ್‌ನಲ್ಲೂ ಬೆಂಗಳೂರಿನ ಹಗಲು ಹನ್ನೊಂದು ಗಂಟೆಗಿಂತ ಜಾಸ್ತಿ ಇರುತ್ತದೆ. ಹಾಗಾಗಿ ಹೆಚ್ಚುಕಡಿಮೆ ವರ್ಷಪೂರ್ತಿ ಎಲ್ಲೋ ಒಂದು ಅಟ್ಟದ ಮೇಲೆ ಮರಿಗಳು ಮಿಯಾಂ ಅನ್ನುತ್ತಲೇ ಇರುತ್ತವೆ.

ಗಬ್ಬವೋ, ಬರೀ ಬೊಜ್ಜೋ?

ಮೊದಲ ಗುರುತು ಹೊಟ್ಟೆಯಲ್ಲ, ಮೊಲೆತೊಟ್ಟು. ಮೂರನೇ ವಾರದ ಹೊತ್ತಿಗೆ ತೊಟ್ಟುಗಳು ಉಬ್ಬಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಸುತ್ತಲಿನ ಕೂದಲು ತೆಳುವಾಗುತ್ತದೆ. ಹೊಟ್ಟೆ ಕಾಣುವುದು ಐದನೇ ವಾರದ ಮೇಲೆ. ಒಳಗೆ ಏನಿದೆ ಅಂತ ಒತ್ತಿ ನೋಡಬೇಡಿ, ಮರಿಗಳಿಗೆ ಪೆಟ್ಟಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಸುಮಾರು ನಾಲ್ಕನೇ ವಾರಕ್ಕೆ ಮರಿಗಳ ಎದೆಬಡಿತ ಕಾಣುತ್ತದೆ. ಎಷ್ಟು ಮರಿ ಅಂತ ಸರಿಯಾಗಿ ಎಣಿಸಬೇಕೆಂದರೆ ಕೊನೆಯ ಒಂದೆರಡು ವಾರದಲ್ಲಿ ಎಕ್ಸ್‌ರೇ ತೆಗೆಸಬೇಕು. ಆಗ ಮೂಳೆ ಗಟ್ಟಿಯಾಗಿರುತ್ತದೆ, ಒಂದೊಂದೇ ಬೆನ್ನೆಲುಬು ಎಣಿಸಬಹುದು. ಎಲ್ಲರೂ ಎಕ್ಸ್‌ರೇ ತೆಗೆಸುವುದಿಲ್ಲ, ಸರಿ. ಆದರೆ ಸಂಖ್ಯೆ ಗೊತ್ತಿದ್ದರೆ ಹೆರಿಗೆ ರಾತ್ರಿ ‘ಮುಗೀತಾ, ಇನ್ನೂ ಇದೆಯಾ’ ಅನ್ನುವ ತಲೆನೋವು ಇರುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಐದು ಮರಿ. ಮೊದಲ ಸೂಲಿನಲ್ಲಿ ಕಡಿಮೆ.

ಮೂತಿ ಚಪ್ಪಟೆಯಾಗಿರುವ ಪರ್ಷಿಯನ್ ಬೆಕ್ಕು ಸಾಕಿದ್ದರೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿಡಿ. ಮರಿಯ ತಲೆ ಅಗಲವಾಗಿರುವುದರಿಂದ ಆ ತಳಿಯಲ್ಲಿ ಹೆರಿಗೆ ತೊಡಕು ಜಾಸ್ತಿ. ನಾಟಿ ಬೆಕ್ಕುಗಳಲ್ಲಿ ಅಷ್ಟಿಲ್ಲ.

ಹಾಲನ್ನ ಸಾಲದು

ನಮ್ಮ ಮನೆಗಳಲ್ಲಿ ಬೆಕ್ಕು ಬೆಳೆಯುವುದು ಹಾಲನ್ನ, ಮೊಸರನ್ನದ ಮೇಲೆ. ಉಳಿದದ್ದನ್ನು ಇಲಿ, ಹಲ್ಲಿ ಹಿಡಿದು ಅದೇ ಸರಿಮಾಡಿಕೊಳ್ಳುತ್ತದೆ. ಅಪಾರ್ಟ್‌ಮೆಂಟಿನ ಬೆಕ್ಕಿಗೆ ಆ ದಾರಿಯೂ ಇಲ್ಲ. ಬೆಕ್ಕಿನ ಮೈಗೆ ಟಾರಿನ್ ಅನ್ನುವ ಒಂದು ಅಂಶ ಬೇಕೇ ಬೇಕು. ಅದು ಸಿಗುವುದು ಮಾಂಸ, ಮೀನಿನಂಥ ಆಹಾರದಿಂದ. ಅನ್ನದಲ್ಲಿ ಅದು ಇಲ್ಲ. ಟಾರಿನ್ ಕಡಿಮೆಯಾದರೆ ಮರಿಗಳು ಹೊಟ್ಟೆಯಲ್ಲೇ ಹೋಗಬಹುದು, ಇಲ್ಲವೇ ಸೊರಗಿ ಹುಟ್ಟಬಹುದು.

ಮನೆಯಲ್ಲಿ ಮಾಂಸ ಮಾಡುವವರು ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು ಕೊಡಬಹುದು. ಸಸ್ಯಾಹಾರಿಗಳ ಮನೆಯಲ್ಲಿ ಅಂಗಡಿಯ ಬೆಕ್ಕಿನ ಆಹಾರವೇ ಗತಿ. ಅದರಲ್ಲೂ ‘ಮರಿಗಳಿಗೆ’ ಅಂತ ಬರೆದಿರುವ ಪ್ಯಾಕೆಟ್ ತನ್ನಿ. ಮರಿ ಬೆಳೆಯಲು ಬೇಕಾದ ಶಕ್ತಿಯೇ ಮರಿ ಹೊತ್ತವಳಿಗೂ ಬೇಕು. ಹೊಟ್ಟೆ ತುಂಬಾ ಮರಿಗಳಿದ್ದಾಗ ಒಂದೇ ಸಲ ಜಾಸ್ತಿ ತಿನ್ನಲು ಜಾಗ ಇರುವುದಿಲ್ಲ. ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ ಇಡಿ.

ಬಾಣಂತಿ ಕೋಣೆ

ಕೊನೆಯ ಒಂದೆರಡು ವಾರದಲ್ಲಿ ಬೆಕ್ಕು ಜಾಗ ಹುಡುಕಲು ಶುರು ಮಾಡುತ್ತದೆ. ಅಟ್ಟ, ಮಂಚದ ಕೆಳಗಿನ ಟ್ರಂಕ್, ಸೌದೆ ರಾಶಿ, ಗೋಣಿಚೀಲದ ಸಂದಿ, ಬಟ್ಟೆ ಬೀರು. ಕತ್ತಲು, ಬಿಸುಪು, ಯಾರ ಕಣ್ಣಿಗೂ ಬೀಳದ ಮೂಲೆ. ಹಳೇ ಕಾಲದ ಬಾಣಂತಿ ಕೋಣೆ ನೆನಪಿಸಿಕೊಳ್ಳಿ. ಕಿಟಕಿ ಮುಚ್ಚಿ, ಬೆಚ್ಚಗೆ ಇಟ್ಟು, ಬಂದವರನ್ನೆಲ್ಲ ಒಳಗೆ ಬಿಡದೆ ನೋಡಿಕೊಳ್ಳುತ್ತಿದ್ದರಲ್ಲ, ಬೆಕ್ಕು ಕೇಳುವುದೂ ಅದನ್ನೇ.

ನೀವೇ ಒಂದು ಜಾಗ ಮಾಡಿಟ್ಟರೆ ಸೀರೆ ಉಳಿಯುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆ ಸಾಕು. ಒಂದು ಬದಿಯನ್ನು ಗೇಣುದ್ದ ಬಿಟ್ಟು ಕತ್ತರಿಸಿ. ತಾಯಿ ದಾಟಬೇಕು, ಮರಿ ಉರುಳಿ ಹೊರಗೆ ಬೀಳಬಾರದು. ಕೆಳಗೆ ನ್ಯೂಸ್‌ಪೇಪರ್, ಮೇಲೆ ಹಳೇ ಹತ್ತಿ ಸೀರೆಯ ಮಡಿಕೆ. ಎಳೆ ಎದ್ದಿರುವ ಟವೆಲ್ ಬೇಡ, ಮರಿಗಳ ಉಗುರು ಸಿಕ್ಕಿಕೊಳ್ಳುತ್ತದೆ. ನೀರು, ಊಟ, ಮರಳಿನ ತಟ್ಟೆ ಹತ್ತಿರದಲ್ಲೇ ಇರಲಿ. ಆ ಜಾಗಕ್ಕೆ ಫಿನಾಯಿಲ್ ಹಾಕಿ ಒರೆಸಬೇಡಿ. ಆ ಜಾತಿಯ ದ್ರಾವಣಗಳು ಬೆಕ್ಕಿನ ಮೈಯಲ್ಲಿ ಕರಗಿ ಹೋಗುವುದಿಲ್ಲ, ನೆಕ್ಕಿದರೆ ವಿಷ. ಬರೀ ಸೋಪಿನ ನೀರು, ಆಮೇಲೆ ಬಿಸಿನೀರು ಸಾಕು.

ಇಷ್ಟೆಲ್ಲ ಮಾಡಿಟ್ಟರೂ ಬೆಕ್ಕು ಬೀರುವನ್ನೇ ಆರಿಸಿಕೊಂಡರೆ ಸೋಲೊಪ್ಪಿಕೊಳ್ಳಿ. ನೋವು ಶುರುವಾದ ಮೇಲೆ ಎತ್ತಿ ಬೇರೆ ಕಡೆ ಹಾಕಬೇಡಿ. ಹೆದರಿದ ಬೆಕ್ಕಿನ ಹೆರಿಗೆ ನಡುವೆಯೇ ನಿಂತುಬಿಡಬಹುದು. ಕಾಡಿನಲ್ಲಿ ಇದು ಅದಕ್ಕೆ ಉಪಕಾರ. ಶತ್ರು ಬಂದರೆ ಹೆರಿಗೆ ತಡೆದು ಓಡಬೇಕಲ್ವಾ? ಬೀರುವಿನೊಳಗೆ ನಿಮ್ಮ ಟಾರ್ಚ್ ಬೆಳಕೇ ಆ ಶತ್ರು.

ಆ ರಾತ್ರಿ ಏನೇನಾಗುತ್ತದೆ?

ಬೆಕ್ಕಿನ ಮಾಮೂಲಿ ಮೈಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹೆರಿಗೆಗೆ ಒಂದು ದಿನ ಮುಂಚೆ ಅದು 37.8ಕ್ಕಿಂತ ಕೆಳಗೆ ಇಳಿಯುವುದುಂಟು. ಆದರೆ ಬೆಕ್ಕಿನ ಹಿಂದೆ ಥರ್ಮಾಮೀಟರ್ ಹಿಡಿದು ಓಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ನಡವಳಿಕೆ ನೋಡಿದರೆ ಸಾಕು.

ಮೊದಲ ಹಂತದಲ್ಲಿ ಗರ್ಭದ ಬಾಯಿ ತೆರೆದುಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಬೆಕ್ಕು ಊಟ ಬಿಡುತ್ತದೆ. ಅಂಡು ಸುಟ್ಟ ಬೆಕ್ಕಿನ ಹಾಗೆ ಅನ್ನುತ್ತೇವಲ್ಲ, ಥೇಟ್ ಹಾಗೇ ತಿರುಗುತ್ತದೆ. ಪೆಟ್ಟಿಗೆಯೊಳಗೆ ಹೋಗುತ್ತದೆ, ಬಟ್ಟೆ ಕೆರೆಯುತ್ತದೆ, ಹೊರಗೆ ಬರುತ್ತದೆ, ಹಿಂಭಾಗ ನೆಕ್ಕಿಕೊಳ್ಳುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ. ನಡುನಡುವೆ ಗುರ್ರ್ ಗುರ್ರ್ ಅನ್ನುತ್ತದೆ. ಬೆಕ್ಕು ಗುರುಗುಟ್ಟುವುದು ಖುಷಿಗೆ ಮಾತ್ರ ಅಲ್ಲ, ನೋವಿನಲ್ಲೂ ಉಂಟು. ಕೆಲವು ಬೆಕ್ಕುಗಳು ಮನೆಯವರ ಕಾಲು ಬಿಡುವುದೇ ಇಲ್ಲ. ಅಂಥದ್ದಾದರೆ ಅದಕ್ಕೆ ಇಷ್ಟವಾದ ಒಬ್ಬರು ಹತ್ತಿರ ಕೂತಿರಲಿ, ಒಬ್ಬರೇ. ಈ ಹಂತ ಆರರಿಂದ ಹನ್ನೆರಡು ಗಂಟೆ, ಚೊಚ್ಚಲಿಗೆ ಒಂದು ದಿನದವರೆಗೂ ಹೋಗಬಹುದು.

ಎರಡನೇ ಹಂತ ಶುರುವಾದದ್ದು ಕಣ್ಣಿಗೇ ಕಾಣುತ್ತದೆ. ಬೆಕ್ಕು ಒಂದು ಮಗ್ಗುಲಿಗೆ ಮಲಗಿಯೋ ಕುಕ್ಕುರುಗಾಲಲ್ಲಿ ಕೂತೋ ತಿಣುಕುತ್ತದೆ. ಹೊಟ್ಟೆ ಗಟ್ಟಿಯಾಗಿ ಅಲೆ ಎದ್ದ ಹಾಗೆ ಕಾಣುತ್ತದೆ. ಬರೆದಿಡಬೇಕಾದ ಟೈಮ್ ಇದು. ತಿಣುಕಲು ಶುರುವಾದ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಮೊದಲ ಮರಿ ಬರುತ್ತದೆ. ಮೊದಲು ನೀರುಗುಳ್ಳೆಯಂಥ ಪೊರೆ, ಅದರೊಳಗೆ ಮರಿ.

ತಲೆ ಬದಲು ಹಿಂಗಾಲು, ಬಾಲ ಮೊದಲು ಕಂಡರೆ ಗಾಬರಿ ಬೇಡ. ಮನುಷ್ಯರಲ್ಲಿ ಕಾಲು ಮುಂದಾಗಿ ಬಂದರೆ ಆಸ್ಪತ್ರೆಯೇ ಓಡಾಡುತ್ತದೆ. ಬೆಕ್ಕಿನಲ್ಲಿ ಹತ್ತು ಮರಿಗಳಲ್ಲಿ ಮೂರು ನಾಲ್ಕು ಹಾಗೇ ಹುಟ್ಟುತ್ತವೆ.

ಮರಿ ಹೊರಬಿದ್ದ ಕೂಡಲೇ ತಾಯಿ ಪೊರೆ ಹರಿದು ಜೋರಾಗಿ ನೆಕ್ಕುತ್ತದೆ. ನೋಡುವವರಿಗೆ ಒರಟು ಅನಿಸುತ್ತದೆ, ಮರಿಯನ್ನು ಉರುಳಾಡಿಸಿಬಿಡುತ್ತದೆ. ಆ ಒರಟೇ ಮರಿಗೆ ಮೊದಲ ಉಸಿರು ತರಿಸುವುದು. ಹೊಕ್ಕುಳಬಳ್ಳಿಯನ್ನೂ ಹಲ್ಲಿನಿಂದ ತಾನೇ ಕಡಿಯುತ್ತದೆ. ಆಮೇಲೆ ಮಾಸು ಬೀಳುತ್ತದೆ, ಅಂದರೆ ಮರಿಗೆ ಒಳಗೆ ಆಹಾರ ಕೊಡುತ್ತಿದ್ದ ಕಸ. ಬೆಕ್ಕು ಅದನ್ನು ತಿನ್ನುತ್ತದೆ. ಹೇಸಿಗೆ ಪಡಬೇಡಿ. ವಾಸನೆಗೆ ಬೇರೆ ಪ್ರಾಣಿ ಬರದಿರಲಿ ಅಂತ ಕಾಡಿನಲ್ಲಿ ಕಲಿತ ಬುದ್ಧಿ. ಎರಡು ಮೂರು ತಿಂದರೆ ತೊಂದರೆ ಇಲ್ಲ. ಎಲ್ಲ ತಿಂದರೆ ಹೊಟ್ಟೆ ಕೆಡಬಹುದು, ಉಳಿದದ್ದನ್ನು ಮೆಲ್ಲಗೆ ತೆಗೆಯಿರಿ.

ಮಾಸುಗಳನ್ನು ಎಣಿಸಿ. ಎಷ್ಟು ಮರಿಯೋ ಅಷ್ಟು ಮಾಸು ಬೀಳಬೇಕು. ಒಂದರ ಹಿಂದೆ ಒಂದು ಬರದೆ, ಎರಡು ಮರಿ ಆದಮೇಲೆ ಎರಡು ಮಾಸು ಒಟ್ಟಿಗೆ ಬೀಳುವುದುಂಟು. ಕಾರಣ ಬೆಕ್ಕಿನ ಗರ್ಭದ ಆಕಾರ. ಚಾಟರಬಿಲ್ಲಿನ ಕೋಲಿನ ಹಾಗೆ ಅದಕ್ಕೆ ಎರಡು ಕವಲು. ಒಂದೊಂದು ಕವಲಿನಲ್ಲೂ ಅವರೆಕಾಯಿಯೊಳಗೆ ಕಾಳು ಕೂತ ಹಾಗೆ ಮರಿಗಳು ಸಾಲಾಗಿ ಕೂತಿರುತ್ತವೆ. ಒಂದು ಈ ಕವಲಿನಿಂದ ಬಂದರೆ ಮುಂದಿನದು ಆ ಕವಲಿನಿಂದ ಬರಬಹುದು. ಹಿಂದೆ ಉಳಿದ ಮಾಸು ಆಮೇಲೆ ಬರುತ್ತದೆ.

ಮರಿಯಿಂದ ಮರಿಗೆ ಹತ್ತು ನಿಮಿಷದಿಂದ ಒಂದು ಗಂಟೆಯ ಅಂತರ. ಬಹುಪಾಲು ಹೆರಿಗೆ ಆರೇಳು ಗಂಟೆಯೊಳಗೆ ಮುಗಿಯುತ್ತದೆ.

ಇಲ್ಲೊಂದು ಬೆಕ್ಕಿನದೇ ಆದ ವಿಚಿತ್ರ ಇದೆ. ಎರಡು ಮರಿ ಹಾಕಿದ ಬೆಕ್ಕು ಎಲ್ಲ ಮುಗಿಯಿತು ಅನ್ನುವ ಹಾಗೆ ಎದ್ದು ಬಂದು ಊಟ ಮಾಡುತ್ತದೆ, ಮರಿಗಳಿಗೆ ಹಾಲು ಕುಡಿಸುತ್ತದೆ, ನಿದ್ದೆ ಹೊಡೆಯುತ್ತದೆ. ಮಾರನೇ ದಿನ ಮತ್ತೆ ತಿಣುಕಲು ಶುರು ಮಾಡಿ ಇನ್ನೆರಡು ಹಾಕುತ್ತದೆ! ಈ ಬಿಡುವು ಒಂದು ದಿನ, ಕೆಲವು ಸಲ ಒಂದೂವರೆ ದಿನ ಇರಬಹುದು. ಬೆಕ್ಕು ನೆಮ್ಮದಿಯಾಗಿದ್ದರೆ ಇದು ಸಹಜ. ತಿಣುಕಿ ತಿಣುಕಿ ಸುಸ್ತಾಗಿ ಬಿದ್ದುಕೊಂಡಿದ್ದರೆ ಅದು ಬಿಡುವಲ್ಲ, ತೊಡಕು. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ಊಟ ಮಾಡುತ್ತಿದೆಯಾ, ಮರಿಗಳನ್ನು ನೆಕ್ಕುತ್ತಿದೆಯಾ ನೋಡಿ. ಅನುಮಾನ ಬಂದರೆ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ.

ಕೈಹಾಕಬೇಕಾದ ಮೂರು ಗಳಿಗೆ

ಒಂದು, ತಾಯಿ ಪೊರೆ ಹರಿಯದಿದ್ದಾಗ. ಚೊಚ್ಚಲ ಬೆಕ್ಕು ಕೆಲವು ಸಲ ಬೆಪ್ಪಾಗಿ ನೋಡುತ್ತಾ ಕೂತುಬಿಡುತ್ತದೆ. ಇಲ್ಲವೇ ಒಂದು ಮರಿ ನೆಕ್ಕುವಷ್ಟರಲ್ಲಿ ಇನ್ನೊಂದು ಬಂದುಬಿಡುತ್ತದೆ. ಒಂದೆರಡು ನಿಮಿಷ ನೋಡಿ. ಆಮೇಲೂ ಪೊರೆ ಹಾಗೇ ಇದ್ದರೆ ಮೂಗಿನ ಹತ್ತಿರ ನೀವೇ ಹರಿಯಿರಿ. ಮೂಗು, ಬಾಯಿ ಒರೆಸಿ. ಒಣ ಬಟ್ಟೆಯಲ್ಲಿ ಹಿಡಿದು, ತಲೆ ಸ್ವಲ್ಪ ಕೆಳಗೆ ಮಾಡಿ, ಬೆನ್ನು ಪಕ್ಕೆ ಚೆನ್ನಾಗಿ ಉಜ್ಜಿ. ಕೀಂ ಅಂದ ಕೂಡಲೇ ತಾಯಿಯ ಮೂತಿಯ ಮುಂದಿಡಿ. ಹಿಂಗಾಲು ಹಿಡಿದು ಬೀಸುವುದನ್ನು ಕೆಲವರು ಹೇಳಿಕೊಡುತ್ತಾರೆ. ಬೇಡ. ಅದರಿಂದ ಮೆದುಳಿಗೆ ಪೆಟ್ಟಾಗಬಹುದು.

ಎರಡು, ಹೊಕ್ಕುಳಬಳ್ಳಿ ಕಡಿಯದಿದ್ದಾಗ. ಕುದಿಸಿದ ದಾರದಿಂದ ಮರಿಯ ಹೊಟ್ಟೆಯಿಂದ ಒಂದು ಇಂಚು ದೂರಕ್ಕೆ ಗಂಟು ಹಾಕಿ. ಗಂಟಿನ ಆಚೆ ಬದಿಗೆ, ಕುದಿಸಿದ ಕತ್ತರಿಯಿಂದ ಕತ್ತರಿಸಿ. ತುದಿಗೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಮುಟ್ಟಿಸಿ. ಬಳ್ಳಿಯನ್ನು ಜಗ್ಗಬೇಡಿ, ಹೊಕ್ಕುಳಿನ ಹತ್ತಿರ ಹೊಟ್ಟೆಯೇ ಕಿತ್ತುಬರಬಹುದು.

ಮೂರು, ಮರಿ ಅರ್ಧ ಬಂದು ಸಿಕ್ಕಿಕೊಂಡಾಗ. ತಾಯಿ ತಿಣುಕುತ್ತಿದ್ದರೆ ಸಾಮಾನ್ಯವಾಗಿ ಮುಂದಿನ ಒಂದೆರಡು ತಿಣುಕಿಗೆ ಬರುತ್ತದೆ. ಬರದಿದ್ದರೆ ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಮರಿಯ ಮೈಯನ್ನು ಮೆತ್ತಗೆ ಹಿಡಿಯಿರಿ. ತಾಯಿ ತಿಣುಕಿದಾಗ ಮಾತ್ರ, ಅದರ ಹಿಂಗಾಲಿನ ಕಡೆಗೆ, ಕೆಳಮುಖವಾಗಿ ಮೆಲ್ಲಗೆ ಎಳೆದು ಒತ್ತಾಸೆ ಕೊಡಿ. ಒಂದು ಕಾಲನ್ನೋ ಬಾಲವನ್ನೋ ಹಿಡಿದು ಎಳೆಯಬಾರದು. ಅದಕ್ಕೂ ಬರದಿದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಗಾಡಿ ತೆಗೆಯಿರಿ.

ಗಡಿಯಾರ ಏನು ಹೇಳುತ್ತದೆ?

ಬರೆದಿಟ್ಟ ಟೈಮ್ ಕೆಲಸಕ್ಕೆ ಬರುವುದು ಈಗ. ಬೆಕ್ಕು ಜೋರಾಗಿ ತಿಣುಕಲು ಶುರುಮಾಡಿ ಅರ್ಧ ಗಂಟೆಯಾದರೂ ಮರಿ ಬಂದಿಲ್ಲವೆಂದರೆ ಡಾಕ್ಟರಿಗೆ ಫೋನ್ ಮಾಡಿ ಹೊರಡಿ. ಮರಿ ಕಣ್ಣಿಗೆ ಕಾಣುತ್ತಾ ಹತ್ತು ನಿಮಿಷ ಅಲ್ಲೇ ನಿಂತಿದ್ದರೂ ಅಷ್ಟೇ. ಚಡಪಡಿಕೆ ಶುರುವಾಗಿ ಒಂದು ದಿನ ಕಳೆದರೂ ಮೊದಲ ಮರಿ ಇಲ್ಲ ಅಂದರೂ ಅಷ್ಟೇ. ಹಸಿ ರಕ್ತ ಹತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತು ಹರಿಯುತ್ತಿದ್ದರೆ, ಕೆಟ್ಟ ವಾಸನೆಯ ಸ್ರಾವ ಬಂದರೆ, ಬೆಕ್ಕು ತಲೆ ಎತ್ತಲಾರದಷ್ಟು ಸುಸ್ತಾದರೆ ಗಡಿಯಾರವನ್ನೂ ನೋಡಬೇಕಿಲ್ಲ.

ಮಾಮೂಲಿ ಸ್ರಾವ ಹೇಗಿರುತ್ತದೆ ಅಂತಲೂ ಗೊತ್ತಿರಲಿ. ಹೆರಿಗೆ ಆದಮೇಲೆ ಎರಡು ಮೂರು ವಾರ ಸ್ವಲ್ಪ ಸ್ವಲ್ಪ ಕಂದುಗೆಂಪು ಸ್ರಾವ ಇರುತ್ತದೆ. ಅದಕ್ಕೆ ಹೆದರಬೇಕಿಲ್ಲ.

ಹೆರಿಗೆ ನೋವು ಬರಿಸುವ ಇಂಜೆಕ್ಷನ್ ನೀವೇ ತಂದು ಕೊಡುವ ಸಾಹಸ ಬೇಡ. ಹೈನುಗಾರಿಕೆ ಗೊತ್ತಿರುವ ಊರುಗಳಲ್ಲಿ ಆಕ್ಸಿಟೋಸಿನ್ ಹೆಸರು ಎಲ್ಲರಿಗೂ ಪರಿಚಯ. ಅದು ಗರ್ಭವನ್ನು ಹಿಂಡುವ ಔಷಧಿ. ದಾರಿಗೆ ಮರಿ ಅಡ್ಡ ಸಿಕ್ಕಿಕೊಂಡಿರುವಾಗ ಅದನ್ನು ಕೊಟ್ಟರೆ, ಮುಚ್ಚಳ ಬಿಗಿದ ಟ್ಯೂಬನ್ನು ಹಿಸುಕಿದ ಹಾಗೆ. ಗರ್ಭ ಹರಿಯಬಹುದು. ಪ್ಯಾರಾಸಿಟಮಾಲ್ ಮಾತ್ರೆಯಂತೂ ಬೆಕ್ಕಿಗೆ ನೇರ ವಿಷ. ಮಕ್ಕಳಿಗೆ ಕೊಡುವುದಲ್ವಾ ಅಂತ ಅರ್ಧ ಮಾತ್ರೆ ಕೊಟ್ಟರೂ ಸಾಯಬಹುದು.

ನಡುರಾತ್ರಿ ಡಾಕ್ಟರನ್ನು ಹುಡುಕುವುದು ಹಿಂಸೆ. ಎಂಟನೇ ವಾರದಲ್ಲೇ ರಾತ್ರಿ ತೆರೆದಿರುವ ಕ್ಲಿನಿಕ್ ನಿಮ್ಮ ಊರಲ್ಲಿ ಯಾವುದಿದೆ ಅಂತ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ಆಸ್ಪತ್ರೆಯೂ ಇದೆ. ತಾಲ್ಲೂಕು ಪಶು ಆಸ್ಪತ್ರೆ ಹಸು ಎಮ್ಮೆಗೆ ಮಾತ್ರ ಅಂದುಕೊಳ್ಳಬೇಡಿ.

ಗಿಣ್ಣು, ಶಾಖ, ತೂಕ

ಹುಟ್ಟಿದ ಮರಿಯ ತೂಕ 90ರಿಂದ 110 ಗ್ರಾಂ. ಒಂದು ಸೋಪಿನಷ್ಟು. ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ವಾಸನೆ ಮತ್ತು ಬಿಸುಪು ಹಿಡಿದು ತಾಯಿಯ ಹೊಟ್ಟೆ ಹುಡುಕಿಕೊಂಡು ಹೋಗುತ್ತದೆ. ಬೆಕ್ಕಿಗೆ ಸಾಮಾನ್ಯವಾಗಿ ಎಂಟು ತೊಟ್ಟು. ಕೆಲವೇ ದಿನದಲ್ಲಿ ಪ್ರತಿ ಮರಿಯೂ ‘ಇದು ನನ್ನದು’ ಅಂತ ಒಂದನ್ನು ಆರಿಸಿಕೊಂಡು ಅಲ್ಲೇ ಕುಡಿಯಲು ಶುರು ಮಾಡುತ್ತದೆ.

ಮೊದಲ ಹಾಲು ಗಿಣ್ಣು. ಹಸುವಿನದಾದರೆ ನಾವು ಬೆಲ್ಲ ಏಲಕ್ಕಿ ಹಾಕಿ ತಿನ್ನುತ್ತೇವೆ. ಬೆಕ್ಕಿನ ಮರಿಗೆ ಅದು ಲಸಿಕೆ ಇದ್ದ ಹಾಗೆ, ರೋಗ ತಡೆಯುವ ಶಕ್ತಿ ಬಹುಪಾಲು ಅದರಿಂದಲೇ ಬರಬೇಕು. ಆ ಶಕ್ತಿಯನ್ನು ಮರಿಯ ಕರುಳು ಹೀರಿಕೊಳ್ಳುವುದು ಮೊದಲ ಒಂದು ದಿನದೊಳಗೆ ಮಾತ್ರ. ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಹಾಗಾಗಿ ಹುಟ್ಟಿದ ಒಂದೆರಡು ಗಂಟೆಯಲ್ಲಿ ಎಲ್ಲ ಮರಿಗಳೂ ಕುಡಿದವಾ ಅಂತ ನೋಡುವುದು ಮುಖ್ಯ.

ಮರಿಗೆ ತನ್ನ ಮೈ ತಾನು ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದು ಮಲಗಿರುವ ಜಾಗದಲ್ಲಿ 30 ಡಿಗ್ರಿ ಆಸುಪಾಸು ಬಿಸುಪು ಬೇಕು. ಮಲೆನಾಡಿನ ಮಳೆಗಾಲದಲ್ಲಿ, ಡಿಸೆಂಬರ್ ರಾತ್ರಿಯಲ್ಲಿ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಇಡಿ. ಸೆಖೆಯಾದರೆ ಸರಿದುಕೊಳ್ಳಲು ಇನ್ನೊಂದು ಮೂಲೆ ಬೇಕಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ದಿನಾ ಒಂದೇ ಹೊತ್ತಿಗೆ ತೂಗಿ. ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ಏರದೆ ನಿಂತರೆ, ಇಳಿದರೆ, ಒಂದೇ ಸಮ ಅಳುತ್ತಿದ್ದರೆ, ಮುಟ್ಟಿದರೆ ತಣ್ಣಗಿದ್ದರೆ ಆ ಮರಿ ಕೈಬಿಡುವ ಹಾದಿಯಲ್ಲಿದೆ ಅಂತಲೇ ತಿಳಿಯಿರಿ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಿರುವ ಮರಿಯ ಹೊಟ್ಟೆಗೆ ಹಾಲು ಹೋದರೆ ಅರಗುವುದಿಲ್ಲ. ಹಸುವಿನ ಹಾಲು ಬೇಡ. ಅದರಲ್ಲಿ ಬೆಕ್ಕಿನ ಹಾಲಿಗಿಂತ ಪ್ರೋಟೀನ್ ಕಡಿಮೆ, ಸಕ್ಕರೆ ಅಂಶ ಜಾಸ್ತಿ, ಭೇದಿ ಹತ್ತುತ್ತದೆ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ. ಕುಡಿಸುವಾಗ ಮಗುವಿನ ಹಾಗೆ ಅಂಗಾತ ಮಲಗಿಸಬಾರದು. ಹೊಟ್ಟೆ ಕೆಳಗಾಗಿಯೇ ಇರಬೇಕು, ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಾಯಿಲ್ಲದ ಮರಿಗೆ ಇನ್ನೊಂದು ಕೆಲಸವೂ ಇದೆ. ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದಿಲ್ಲ. ತಾಯಿ ಹಿಂಭಾಗ ನೆಕ್ಕಿ ಮಾಡಿಸುತ್ತದೆ. ನೀವು ಒದ್ದೆ ಹತ್ತಿಯಿಂದ ಒರೆಸಿ ಮಾಡಿಸಬೇಕು.

ತಾಯಿಯ ಮೇಲೂ ಕಣ್ಣಿರಲಿ. ಮೊಲೆ ಕೆಂಪಾಗಿ, ಬಿಸಿಯಾಗಿ, ಕಲ್ಲಿನಂತಾದರೆ ಅದು ಕೆಚ್ಚಲುಬಾವು. ಎರಡು ಮೂರನೇ ವಾರದಲ್ಲಿ ಮೈ ನಡುಗುವುದು, ಕಾಲು ಸೆಟೆದುಕೊಳ್ಳುವುದು, ತೂರಾಡುವುದು ಕಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆ. ಹಸುಗಳಿಗೆ ಹಾಲುಜ್ವರ ಬರುತ್ತದಲ್ಲ, ಅದೇ ಜಾತಿಯದು. ಗಂಟೆಗಟ್ಟಲೆ ಕಾಯುವ ಹಾಗಿಲ್ಲ.

ಏಳು ಮನೆ ತಿರುಗುವುದೇಕೆ?

ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸಿದ ಮೇಲೇ ಕಣ್ಣು ಬಿಡುತ್ತವೆ ಅನ್ನುವ ಮಾತು ನಮ್ಮಲ್ಲಿದೆ. ತಿರುಗಿಸುವುದು ನಿಜ, ಕಣ್ಣಿಗೂ ಅದಕ್ಕೂ ಸಂಬಂಧ ಇಲ್ಲ. ಎಲ್ಲೂ ಹೋಗದಿದ್ದರೂ ಏಳರಿಂದ ಹದಿನಾಲ್ಕು ದಿನದೊಳಗೆ ಕಣ್ಣು ಬಿಡುತ್ತವೆ.

ಜಾಗ ಬದಲಿಸಲು ಕಾರಣ ಬೇರೆ. ಒಂದೇ ಕಡೆ ಇದ್ದರೆ ವಾಸನೆ ಕಟ್ಟುತ್ತದೆ, ಹುಳ ಹುಪ್ಪಟೆ ಸೇರುತ್ತವೆ. ಜನ ಬಂದು ಬಂದು ನೋಡಿದರೂ ಹೆದರಿಕೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಗಡವ ಬೆಕ್ಕಿನದು. ಬೇರೆ ಗಂಡಿಗೆ ಹುಟ್ಟಿದ ಮರಿಗಳನ್ನು ಗಡವ ಕೊಲ್ಲುವುದುಂಟು. ಮರಿ ಇಲ್ಲವಾದರೆ ತಾಯಿ ಬೇಗ ಬೆದೆಗೆ ಬರುತ್ತದೆ, ಅದು ಗಡವನ ಲೆಕ್ಕ. ಹಾಗಾಗಿ ಮೊದಲ ವಾರಗಳಲ್ಲಿ ಆ ಕೋಣೆಯ ಕಿಟಕಿ ಮುಚ್ಚಿರಲಿ.

ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ನಿಮ್ಮನ್ನು ನಂಬುವ ಸಾಕುಬೆಕ್ಕು ತೂಕ ನೋಡಲು ಎತ್ತಿದ್ದಕ್ಕೆಲ್ಲ ಮುನಿಸಿಕೊಳ್ಳುವುದಿಲ್ಲ. ಓಣಿಯವರೆಲ್ಲ ಬಂದು ಎತ್ತಿ ಆಡಿಸಿದರೆ ಮಾತ್ರ ಮಾರನೇ ದಿನ ಪೆಟ್ಟಿಗೆ ಖಾಲಿ.

ತಾಯಿ ಕತ್ತಿನ ಹಿಂದಿನ ಚರ್ಮ ಕಚ್ಚಿ ಎತ್ತಿದ ಕೂಡಲೇ ಮರಿ ಕೈಕಾಲು ಮಡಿಸಿ ಸುಮ್ಮನಾಗಿಬಿಡುತ್ತದೆ. ಒದ್ದಾಡಿದರೆ ಬೀಳುತ್ತದಲ್ಲ, ಅದಕ್ಕೆ ಮೈಯೇ ಕಲಿತಿರುವ ಪಾಠ ಅದು. ಶ್ರೀವೈಷ್ಣವರಲ್ಲಿ ತೆಂಕಲೆ ಪಂಗಡದವರು ದೇವರಿಗೆ ಶರಣಾಗುವುದಕ್ಕೆ ಮಾರ್ಜಾಲಕಿಶೋರ ನ್ಯಾಯ, ಅಂದರೆ ಬೆಕ್ಕಿನ ಮರಿಯ ಹೋಲಿಕೆ ಕೊಡುವುದು ಇದನ್ನೇ ನೋಡಿ. ಕೋತಿಮರಿ ತಾನೇ ತಾಯಿಯನ್ನು ಅವಚಿ ಹಿಡಿಯಬೇಕು, ಬೆಕ್ಕಿನ ಮರಿ ಏನೂ ಮಾಡಬೇಕಿಲ್ಲ. ನೀವು ಎತ್ತುವಾಗ ಮಾತ್ರ ಕತ್ತು ಹಿಡಿಯಬೇಡಿ, ಎರಡೂ ಅಂಗೈ ಸೇರಿಸಿ ಎತ್ತಿ.

ಮುಂದಿನ ವಾರಗಳು, ಮುಂದಿನ ಗಬ್ಬ

ಇಲ್ಲಿಂದ ಮುಂದೆ ನಿಮ್ಮ ಕೆಲಸ ಕಡಿಮೆ. ಮೂರನೇ ವಾರಕ್ಕೆ ಮರಿಗಳು ತಡವರಿಸುತ್ತಾ ನಡೆಯುತ್ತವೆ, ಹಾಲುಹಲ್ಲು ಮೂಡುತ್ತದೆ, ಜಂತುಹುಳದ ಔಷಧಿ ಶುರುಮಾಡಲು ಡಾಕ್ಟರ್ ಹೇಳುವುದೂ ಆಗಲೇ. ನಾಲ್ಕನೇ ವಾರಕ್ಕೆ ತಾಯಿಯ ತಟ್ಟೆಗೆ ಬಾಯಿ ಹಾಕುತ್ತವೆ, ಮರಳಿನ ತಟ್ಟೆಯನ್ನು ನೋಡಿ ಕಲಿಯುತ್ತವೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಯಾರಿಗಾದರೂ ಕೊಡುವುದಿದ್ದರೆ ಎಂಟು ವಾರ ತುಂಬಲಿ. ಅಷ್ಟರವರೆಗೆ ತಾಯಿ, ಒಡಹುಟ್ಟಿದವುಗಳ ಜೊತೆ ಆಡಿದರೇ ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದು ಅವಕ್ಕೆ ಗೊತ್ತಾಗುವುದು.

ಮರಿ ಹಾಲು ಕುಡಿಯುತ್ತಿರುವವರೆಗೆ ತಾಯಿ ಮತ್ತೆ ಗಬ್ಬ ಆಗುವುದಿಲ್ಲ ಅಂತ ಬಹಳ ಮಂದಿ ನಂಬಿದ್ದಾರೆ. ಆಗುತ್ತದೆ. ಕೆಲವು ಬೆಕ್ಕುಗಳು ಮರಿ ಹಾಕಿದ ಕೆಲವೇ ವಾರಗಳಲ್ಲಿ ಬೆದೆಗೆ ಬರುತ್ತವೆ. ಅದಕ್ಕೇ ಆ ಎರಡು ತಿಂಗಳು ತಾಯಿಯನ್ನು ಹೊರಗೆ ಬಿಡಬೇಡಿ. ಮರಿಗಳು ಹಾಲು ಬಿಟ್ಟು, ತಾಯಿಯ ಹಾಲು ಬತ್ತಿದ ಮೇಲೆ, ಸಾಮಾನ್ಯವಾಗಿ ಇನ್ನೆರಡು ವಾರಕ್ಕೆ ಮತ್ತೆ ಗಬ್ಬ ಆಗದ ಹಾಗೆ ಆಪರೇಷನ್ ಮಾಡಿಸಬಹುದು. ಮರಿಗಳಿಗೆ ನಾಲ್ಕೈದು ತಿಂಗಳಲ್ಲೇ, ಮೊದಲ ಬೆದೆ ಬರುವ ಮುಂಚೆ.

ಹೆಣ್ಣುಮರಿಗೆ ತಾನೇ, ನಮ್ಮದು ಗಂಡು ಅನ್ನುವವರು ಡಾಕ್ಟರ್ ಹತ್ತಿರ ಒಂದು ಸಲ ಬಾಲ ಎತ್ತಿಸಿ ನೋಡಿ. ಚಿಕ್ಕ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಸುಲಭವಲ್ಲ. ಬೀರುವಿನೊಳಗೆ ಸೀರೆಗಳ ಮೇಲೆ ನಾಲ್ಕು ಮರಿ ಹಾಕಿದ ಆ ಬೆಕ್ಕಿನ ಹೆಸರು ರಾಜ.